ಕೊಳವೆಯನ್ನು ತಿಂದ ಹರಳು

ಟ್ಯೂಬಕ್ಕನ ದೃಷ್ಟಿಯಲ್ಲಿ ಮನುಷ್ಯರು ಎರಡೇ ಬಗೆ. ಗಾಜು ಬಿಸಿಯಿದೆಯೇ ಎಂದು ಮುಟ್ಟುವ ಮೊದಲೇ ಕೇಳುವವರು ಒಂದು, ಮುಟ್ಟಿ ಬೊಬ್ಬೆ ಎದ್ದ ಮೇಲೆ ಗಾಜನ್ನೇ ಬೈಯುವವರು ಇನ್ನೊಂದು. ರಸಾಯನಶಾಸ್ತ್ರ ವಿಭಾಗದ ನೆಲಮಾಳಿಗೆಯಲ್ಲಿ ಇಪ್ಪತ್ತೇಳು ವರ್ಷ ಕೂತು ಅವಳು ಕಂಡದ್ದರಲ್ಲಿ ಮೊದಲ ಬಗೆಯವರು ಒಂದು ಕೈಯ ಬೆರಳುಗಳಿಗೆ ಸಾಕಾಗುತ್ತಿದ್ದರು. ಎರಡನೆಯ ಬಗೆಯವರಿಗೆ ಮೇಲಿನ ಮಹಡಿಗಳಲ್ಲಿ ತಲೆಗೊಂದು ಕೋಣೆ, ಬಾಗಿಲಿಗೊಂದು ಹಿತ್ತಾಳೆಯ ಹೆಸರುಹಲಗೆ.

ಅವಳ ನಿಜವಾದ ಹೆಸರು ಸಂಬಳದ ಚೀಟಿಯ ಮೇಲಿತ್ತು. ಅಲ್ಲಿಂದಾಚೆ ಯಾರಿಗೂ ಅದು ಬೇಕಾಗಿರಲಿಲ್ಲ. ಸಿಲಿಕಾ ಗಾಜಿನ ಕೊಳವೆಗಳನ್ನು ಬೆಂಕಿಯಲ್ಲಿ ಮುಚ್ಚುವುದು ಅವಳ ಕೆಲಸ, ಹಾಗಾಗಿ ಅವಳು ಟ್ಯೂಬಕ್ಕ. ಅವಳಿಗಿಂತ ಮೊದಲು ಅದೇ ಕೋಣೆಯಲ್ಲಿ ಅವಳ ಅಪ್ಪ ಗಾಜು ಊದುತ್ತಿದ್ದರು. ಶಾಲೆ ಬಿಟ್ಟ ಮೇಲೆ ಮನೆಯಲ್ಲಿ ನೋಡಿಕೊಳ್ಳುವವರಿಲ್ಲವೆಂದು ಅಪ್ಪನ ಪಕ್ಕದ ಸ್ಟೂಲಿನ ಮೇಲೆ ಕೂರುತ್ತಿದ್ದ ಹುಡುಗಿ, ಲೆಕ್ಕದ ಪುಸ್ತಕಕ್ಕಿಂತ ಜ್ವಾಲೆಯ ಬಣ್ಣವನ್ನು ಚೆನ್ನಾಗಿ ಓದಲು ಕಲಿತಳು. ಅಪ್ಪ ನಿವೃತ್ತರಾದಾಗ ಆ ಕೆಲಸಕ್ಕೆ ಅರ್ಜಿ ಹಾಕಿದವರು ಐವರು. ಜ್ವಾಲೆಯ ಮುಂದೆ ಕೂರಿಸಿ ಪರೀಕ್ಷೆ ಮಾಡಿದಾಗ ಕೊಳವೆ ಸೋರದಂತೆ ಮುಚ್ಚಿದವಳು ಅವಳೊಬ್ಬಳೇ.

ಆ ವಿಭಾಗದಲ್ಲಿ ಮೇಲಿನವರ ಕಸುಬು ಲೋಹಗಳನ್ನು ಗಂಧಕದ ಜೊತೆಗೋ, ಗಂಧಕದ ಬಳಗದ ಸೆಲೆನಿಯಂ, ಟೆಲ್ಲೂರಿಯಂಗಳ ಜೊತೆಗೋ ಕೂಡಿಸಿ, ಜಗತ್ತಿನಲ್ಲಿ ಇದುವರೆಗೆ ಇಲ್ಲದ ಸಂಯುಕ್ತಗಳನ್ನು ಹುಟ್ಟಿಸುವುದು. ಗಾಳಿ ಸೋಕಿದರೆ ಈ ಪುಡಿಗಳು ಕೆಡುತ್ತವೆ. ತೆರೆದಿಟ್ಟು ಕಾಯಿಸಿದರೆ ಗಂಧಕ ಹಾರಿಹೋಗಿ ಕಟ್ಟಡವೆಲ್ಲ ನಾರುತ್ತದೆ. ಆದ್ದರಿಂದ ಪುಡಿಯನ್ನು ಬೆರಳುದ್ದದ ಕೊಳವೆಗೆ ಹಾಕಿ, ಪಂಪಿನಿಂದ ಒಳಗಿನ ಗಾಳಿಯನ್ನೆಲ್ಲ ಎಳೆದು, ಎಳೆಯುತ್ತಿರುವಾಗಲೇ ಕೊಳವೆಯ ಕುತ್ತಿಗೆಯನ್ನು ಜ್ವಾಲೆಯಲ್ಲಿ ಕರಗಿಸಿ ಮುಚ್ಚಬೇಕು. ಆಮೇಲೆ ಕುಲುಮೆಯಲ್ಲಿ ವಾರಗಟ್ಟಲೆ ನಿಧಾನವಾಗಿ ಕಾಯಿಸಿ, ಅಷ್ಟೇ ನಿಧಾನವಾಗಿ ಆರಿಸಬೇಕು. ಆತುರಪಟ್ಟರೆ ಕೊಳವೆ ಸಿಡಿಯುತ್ತದೆ. ಎಲ್ಲ ಸರಿಹೋದರೆ ಒಳಗೆ ಸಾಸಿವೆಗಿಂತ ಚಿಕ್ಕ ಹರಳುಗಳು ಕೂತಿರುತ್ತವೆ. ಒಂದನ್ನು ಆರಿಸಿ, ಎಕ್ಸ್-ರೇ ಹಾಯಿಸಿದರೆ ಒಳಗೆ ಯಾವ ಪರಮಾಣು ಯಾರ ಪಕ್ಕ, ಎಷ್ಟು ದೂರದಲ್ಲಿ ಕೂತಿದೆ ಎನ್ನುವುದು ತಿಳಿಯುತ್ತದೆ. ಹಾಗೆ ತಿಳಿದದ್ದನ್ನು ಬರೆದವರ ಹೆಸರು ಪತ್ರಿಕೆಯಲ್ಲಿ ಬರುತ್ತದೆ. ಕೊಳವೆ ಮುಚ್ಚಿದವರ ಹೆಸರು ಎಲ್ಲಿಯೂ ಬರುವುದಿಲ್ಲ.

ಮೇಲಿನವರಲ್ಲೆಲ್ಲ ದೊಡ್ಡ ಗದ್ದಲದವರು ಎರಡನೇ ಮಹಡಿಯ ಪ್ರೊಫೆಸರು. ಅವರಿಗೆ ಕೆಳಗಿನವರು ಇಟ್ಟ ಹೆಸರು ಹೊಸದಪ್ಪ. ಅವರು ಮಾಡಿದ್ದೆಲ್ಲ ಹೊಸದು, ಅವರ ವಿಧಾನ ಹೊಸದು, ಅವರ ದೃಷ್ಟಿಕೋನ ಹೊಸದು. ಹಳೆಯದು ಎಂದು ಅವರು ಒಪ್ಪುತ್ತಿದ್ದುದು ಇತರರ ಕೆಲಸವನ್ನು ಮಾತ್ರ. ಮೂರು ವಾರಕ್ಕೊಮ್ಮೆ ಟ್ಯೂಬಕ್ಕನ ಗಂಡನ ಕ್ಷೌರದಂಗಡಿಗೆ ಬಂದು ತಲೆಗೆ ಬಣ್ಣ ಹಾಕಿಸಿಕೊಂಡು ಹೋಗುತ್ತಿದ್ದರು. ಆ ಕಪ್ಪು ಮಾತ್ರ ನಿಜವಾಗಿಯೂ ಹೊಸದೇ ಎಂದು ಟ್ಯೂಬಕ್ಕ ಹೇಳುತ್ತಿದ್ದಳು.

ಸಮ್ಮೇಳನವೊಂದಕ್ಕೆ ಆರು ವಾರ ಉಳಿದಿದ್ದ ಒಂದು ಬೆಳಿಗ್ಗೆ ಹೊಸದಪ್ಪನವರು ತಾವೇ ನೆಲಮಾಳಿಗೆಗೆ ಇಳಿದು ಬಂದರು. ಹಿಂದೆ ಅವರ ವಿದ್ಯಾರ್ಥಿನಿ ಇದ್ದಳು. ಪಿಎಚ್‌ಡಿಗೆ ಸೇರಿ ಐದನೇ ವರ್ಷ ನಡೆಯುತ್ತಿದ್ದರೂ ಅವಳ ಪ್ರಬಂಧಕ್ಕೆ ತಲೆಬುಡ ಕೂಡಿರಲಿಲ್ಲ. ಸಿಬ್ಬಂದಿ ಅವಳನ್ನು ಐದನೇ ವರ್ಷದವಳು ಎಂದೇ ಕರೆಯುತ್ತಿದ್ದರು. ಅವಳ ಕೈಯಲ್ಲಿ ತೂಗಿಟ್ಟ ಪುಡಿಗಳ ನಾಲ್ಕು ಶೀಶೆಗಳಿದ್ದವು: ಪೊಟ್ಯಾಸಿಯಂ ಮತ್ತು ಗಂಧಕ ಕೂಡಿದ ಸಂಯುಕ್ತ, ನಿಯೋಡಿಮಿಯಂ ಎನ್ನುವ ಲೋಹ, ರಂಜಕ, ಗಂಧಕ.

"ನಾಲ್ಕು ಕೊಳವೆ, ನಾಲ್ಕಕ್ಕೂ ಇದೇ ಮಿಶ್ರಣ. ಇವತ್ತೇ ಆಗ್ಬೇಕಮ್ಮ," ಎಂದರು ಹೊಸದಪ್ಪನವರು.

"ಪೊಟ್ಯಾಸಿಯಂ ಇದೆಯಲ್ಲ ಸರ್, ಇದು ಗಾಜನ್ನ ತಿನ್ನುತ್ತೆ. ಒಳಗಡೆ ಮೊದಲು ಇಂಗಾಲ ಹಿಡಿಸ್ಬೇಕು. ನಾಳಿದ್ದು ಕೊಡ್ತೀನಿ."

ಇಂಗಾಲ ಹಿಡಿಸುವುದೆಂದರೆ, ಉಗುರಿನ ಬಣ್ಣ ಒರೆಸಲು ಬಳಸುವ ಅಸಿಟೋನನ್ನು ಕೊಳವೆಯೊಳಗೆ ಆಡಿಸಿ ಚೆಲ್ಲಿ, ಹೊರಗಿನಿಂದ ಜ್ವಾಲೆ ತೋರಿಸಿ, ಒಳಗೋಡೆಗೆ ಕನ್ನಡಿಯಂತಹ ಕಪ್ಪು ಪೊರೆ ಕಟ್ಟಿಸುವುದು. ಆ ಪೊರೆ ಇದ್ದರೆ ಒಳಗಿನ ಸರಕಿಗೆ ಗಾಜು ಸಿಗುವುದಿಲ್ಲ. ಒಂದೆರಡು ಸಲ ಮಾಡಿದರೆ ಸಾಲದು. ಎಲ್ಲೂ ಬಿರುಕು ಇಲ್ಲದ ಹಾಗೆ ಕೂರಬೇಕು.

"ಅದೆಲ್ಲ ಬೇಡ. ಟೈಮಿಲ್ಲ."

"ಆಮೇಲೆ ಹರಳಿನೊಳಗೆ ಏನು ಬಂತು ಅಂತ ಗೊತ್ತಾಗಲ್ಲ ಸರ್."

ಹೊಸದಪ್ಪನವರು ನಕ್ಕರು. ವಿದ್ಯಾರ್ಥಿನಿಯ ಕಡೆ ತಿರುಗಿ, ಅವಳೂ ನಗಲಿ ಎಂದು ಒಂದು ಕ್ಷಣ ಕಾದರು. "ನೋಡಮ್ಮ, ಊದೋದು ನಿನ್ನ ಕೆಲಸ. ಓದೋದು ನನ್ನ ಕೆಲಸ."

ಟ್ಯೂಬಕ್ಕ ಜ್ವಾಲೆ ಹೊತ್ತಿಸಿದಳು. ಬರಿ ಗಾಜಿನ ನಾಲ್ಕು ಕೊಳವೆಗಳನ್ನು ಎಳೆದು, ಮಧ್ಯಾಹ್ನದೊಳಗೆ ಮುಚ್ಚಿ ಕೊಟ್ಟಳು.

ಹದಿನೆಂಟು ದಿನ ಬಿಟ್ಟು ಕೊಳವೆಗಳು ಕುಲುಮೆಯಿಂದ ಹೊರಬಂದವು. ಅವನ್ನು ಒಡೆಯುವುದೂ ಟ್ಯೂಬಕ್ಕನ ಕೆಲಸವೇ. ಮೊದಲನೆಯದನ್ನು ಬೆಳಕಿಗೆ ಹಿಡಿದ ಕೂಡಲೇ ಅವಳು ಮೂಗು ಮುರಿದಳು. ಗಾಜಿನ ಒಳಗೋಡೆ ನೊರೆ ಹಿಡಿದ ಹಾಗೆ ಬಿಳಿಚಿಕೊಂಡಿತ್ತು. ಉಗುರಿನಿಂದ ಕೆರೆದರೆ ಪುಡಿಯಾಗಿ ಉದುರುವಷ್ಟು ಸವೆದಿತ್ತು. ತಣ್ಣಗಿದ್ದ ಇನ್ನೊಂದು ತುದಿಯಲ್ಲಿ ತೆಳು ಹಳದಿಯ ಒಂದು ಹೊಪ್ಪಳೆ ಅಂಟಿತ್ತು. ಬಿಳಿಚಿದ ಕಡೆ, ಗೋಡೆಗೆ ಅಂಟಿಕೊಂಡೇ, ತೆಳು ನೀಲಿಯ ಹರಳುಗಳು ಬೆಳೆದಿದ್ದವು. ನೋಡಲು ಬಲು ಚೆಂದ.

"ಈ ಹಳದಿ ಏನು?" ಎಂದು ಅವಳು ಐದನೇ ವರ್ಷದವಳನ್ನು ಕೇಳಿದಳು.

"ರಂಜಕ, ಗಂಧಕ ಸೇರಿದ್ದು ಇರ್ಬೇಕು ಅಕ್ಕ. ಆವಿಯಾಗಿ ಬಂದು ಇಲ್ಲಿ ಕೂತಿದೆ."

"ಹಾಗಾದ್ರೆ ನೀನು ಹಾಕಿದ ರಂಜಕ ಇಲ್ಲಿದೆ. ನೀನು ಹಾಕದೇ ಇದ್ದ ಗಾಜು ಕಾಣೆಯಾಗಿದೆ. ಹರಳು ಏನು ತಿಂದು ಬೆಳೀತು?"

ಹುಡುಗಿ ಕೊಳವೆಯನ್ನೂ ಟ್ಯೂಬಕ್ಕನನ್ನೂ ನೋಡಿದಳು. ಅದೇ ಪ್ರಶ್ನೆಯನ್ನು ಅವಳು ಎರಡನೇ ಮಹಡಿಗೆ ಹೊತ್ತುಕೊಂಡು ಹೋಗಿ ಕೇಳಿದಳು ಕೂಡ. ಹೊಸದಪ್ಪನವರು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಹರಳಿನಲ್ಲಿ ಯಾವ ಧಾತುಗಳಿವೆಯೆಂದು ತೋರಿಸುವ ಯಂತ್ರದಲ್ಲಿ ಗಾಜಿನ ಮೂಲಧಾತುವಾದ ಸಿಲಿಕಾನ್ ಎದ್ದು ಕಂಡಿತು. ಅದು ಒಡೆಯುವಾಗ ಅಂಟಿದ ಗಾಜಿನ ಪುಡಿ ಎಂದರು. ರಂಜಕ ಇದ್ದೂ ಇಲ್ಲದ ಹಾಗೆ ಕಂಡಿತು. ಯಂತ್ರ ಹಳೆಯದು ಎಂದರು. ಎಕ್ಸ್-ರೇಗೆ ಸಿಲಿಕಾನ್ ಯಾವುದು, ರಂಜಕ ಯಾವುದು ಎನ್ನುವುದು ಸುಲಭವಾಗಿ ತಿಳಿಯುವುದಿಲ್ಲ. ಧಾತುಗಳ ಪಟ್ಟಿಯಲ್ಲಿ ಎರಡೂ ಅಕ್ಕಪಕ್ಕದವು, ಅವಳಿಜವಳಿಯ ಹಾಗೆ. ತಿಳಿಯುವುದು ಒಂದರಿಂದಲೇ: ಸಿಲಿಕಾನ್ ಆದರೆ ಸುತ್ತಲಿನ ಗಂಧಕ ಕೊಂಚ ದೂರ ಕೂರುತ್ತದೆ, ರಂಜಕ ಆದರೆ ಹತ್ತಿರ. ಇಲ್ಲಿ ದೂರ ಕೂತಿತ್ತು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ನಿಂತು ತಲೆ ಕೆರೆದುಕೊಳ್ಳುತ್ತಿದ್ದರು. ಹೊಸದಪ್ಪನವರು ತಲೆ ಕೆರೆದುಕೊಳ್ಳುವವರಲ್ಲ, ಬಣ್ಣ ಹೋಗುತ್ತದೆ. ರಂಜಕಕ್ಕೂ ಗಂಧಕಕ್ಕೂ ನಡುವೆ ಇದುವರೆಗೆ ಯಾರೂ ಕಾಣದ ಉದ್ದನೆಯ ಬಂಧವೊಂದನ್ನು ತಾವು ಕಂಡುಹಿಡಿದಿರುವುದಾಗಿ ಬರೆದು ಕಳಿಸಿದರು.

ಅದು ಅಚ್ಚಾಯಿತು. ಸಮ್ಮೇಳನದಲ್ಲಿ ಚಪ್ಪಾಳೆಯೂ ಆಯಿತು. ವಿಭಾಗದ ಮೊಗಸಾಲೆಯಲ್ಲಿ ಆಳೆತ್ತರದ ಪೋಸ್ಟರು ನೇತುಬಿತ್ತು. ಅದರ ಮೇಲೆ ನೀಲಿ ಹರಳು, ಪಕ್ಕದಲ್ಲಿ ಕೈಕಟ್ಟಿ ನಿಂತ ಹೊಸದಪ್ಪನವರು. ಯಾರು ಹರಳು, ಯಾರು ಕಂಡುಹಿಡಿದವರು ಎಂದು ಗುರುತಿಸಲು ಕಷ್ಟವಾಗುವಷ್ಟು ಇಬ್ಬರೂ ಹೊಳೆಯುತ್ತಿದ್ದರು. ಟ್ಯೂಬಕ್ಕ ದಿನಾ ಅದರ ಮುಂದೆ ಹಾದು ಕೆಳಗಿಳಿಯುತ್ತಿದ್ದಳು, ಒಂದು ದಿನವೂ ನಿಲ್ಲಲಿಲ್ಲ.

ತೊಂದರೆ ಶುರುವಾದದ್ದು ಆಮೇಲೆ. ಬೇರೊಂದು ಸಂಸ್ಥೆಯವರು ಆ ಹರಳನ್ನು ತಾವೂ ಪರೀಕ್ಷಿಸುತ್ತೇವೆ, ಒಂದಿಷ್ಟು ಕಳಿಸಿ ಎಂದು ಕೇಳಿದರು. ಮೊದಲ ಹರಳುಗಳು ಪರೀಕ್ಷೆಗಳಲ್ಲೇ ಮುಗಿದಿದ್ದರಿಂದ ಐದನೇ ವರ್ಷದವಳು ಮತ್ತೆ ಪುಡಿ ತೂಗಿದಳು. ಈ ಸಲ ಆತುರವಿರಲಿಲ್ಲವಾದ್ದರಿಂದ ಟ್ಯೂಬಕ್ಕ ತನ್ನ ಪದ್ಧತಿಯಂತೆ ಇಂಗಾಲ ಹಿಡಿಸಿಯೇ ಕೊಳವೆ ಕೊಟ್ಟಳು. ಹರಳು ಬರಲಿಲ್ಲ. ಕಂದು ಮುದ್ದೆ ಬಂತು. ಎರಡನೇ ಸಲವೂ ಮುದ್ದೆ, ಮೂರನೇ ಸಲವೂ ಮುದ್ದೆ.

"ನಿನ್ನ ಕೈಗುಣವೇ ಸರಿಯಿಲ್ಲ," ಎಂದು ಹೊಸದಪ್ಪನವರು ಎಲ್ಲರ ಎದುರು ಹುಡುಗಿಗೆ ಹೇಳಿದರು. ಅವಳು ತೂಕ ಬದಲಾಯಿಸಿದಳು, ಕಾವು ಬದಲಾಯಿಸಿದಳು, ಊಟ ಬಿಟ್ಟಳು. ನಾಲ್ಕು ತಿಂಗಳಲ್ಲಿ ಆರು ಸಲ ಮುದ್ದೆ.

ಮುದ್ದೆ ಏಕೆ ಬರುತ್ತಿದೆಯೆಂದು ಟ್ಯೂಬಕ್ಕನಿಗೆ ಮೊದಲ ಸಲವೇ ಹೊಳೆದಿತ್ತು. ಗಾಜು ತಿನ್ನಲು ಸಿಗದೆ ಹರಳು ಉಪವಾಸ ಬಿದ್ದಿತ್ತು. ಆದರೂ ಅವಳು ಬಾಯಿಬಿಡಲಿಲ್ಲ. ಓದುವ ಕೆಲಸ ಅವರದಲ್ಲವೇ, ಓದಿಕೊಳ್ಳಲಿ ಎಂದು ಎದೆಯೊಳಗೆ ಒಂದು ಖುಷಿ ಸಾಕಿಕೊಂಡಳು. ಹೊಸದಪ್ಪನ ಮುಖ ಕಂದುವುದನ್ನು ಕಾಯುತ್ತ ಕೂತವಳಿಗೆ, ನಡುವೆ ಕಂದುತ್ತಿರುವ ಮುಖ ಯಾರದೆಂದು ಕಾಣಲಿಲ್ಲ.

ಏಳನೇ ಸಲ ಕೊಳವೆ ಕೇಳಲು ಬಂದ ಹುಡುಗಿ ಸ್ಟೂಲಿನ ಮೇಲೆ ಕೂತವಳು ಏಳಲಿಲ್ಲ. "ಬಿಟ್ಟು ಹೋಗ್ತೀನಿ ಅಕ್ಕ. ಮನೇಲಿ ಹೇಳಿದೀನಿ. ಅಣ್ಣನ ಅಂಗಡೀಲಿ ಕೂತ್ಕೋತೀನಿ."

ಟ್ಯೂಬಕ್ಕ ಜ್ವಾಲೆ ಆರಿಸಿದಳು. ಹೇಳಲು ಬಾಯಿ ತೆರೆಯುವಷ್ಟರಲ್ಲಿ ಆಫೀಸಿನವನು ಬಂದು ಒಂದು ಲಕೋಟೆ ಕೊಟ್ಟು, ಸಹಿ ಹಾಕಿಸಿಕೊಂಡು ಹೋದ. ಒಳಗೆ ಮೆಮೊ ಇತ್ತು. ಕೊಳವೆಗಳ ಗುಣಮಟ್ಟ ಇತ್ತೀಚೆಗೆ ಕುಸಿದಿರುವುದರಿಂದ ಮಹತ್ವದ ಸಂಶೋಧನೆಗೆ ಅಡ್ಡಿಯಾಗಿದೆ, ಒಂದು ತಿಂಗಳೊಳಗೆ ಲಿಖಿತ ವಿವರಣೆ ನೀಡತಕ್ಕದ್ದು. ದೂರು ಹೊಸದಪ್ಪನವರದು, ಸಹಿ ವಿಭಾಗದ ಮುಖ್ಯಸ್ಥೆಯದು.

ಅವಳು ಎರಡು ಸಲ ಓದಿ ಹುಡುಗಿಯ ಕೈಗಿತ್ತಳು. "ನಿನ್ನ ಕೈಗುಣ ಮುಗೀತು, ಈಗ ನನ್ನದಂತೆ."

ಸಂಜೆ ಮನೆಯಲ್ಲಿ ಅವಳು ತಟ್ಟೆ ಮುಂದಿಟ್ಟುಕೊಂಡು ಮೆಮೊವನ್ನು ಗಂಡನಿಗೆ ಓದಿ ಹೇಳಿದಳು. ಗಂಡ ದಿನವಿಡೀ ಇತರರ ತಲೆ ಹಿಡಿದು ಕೆಲಸ ಮಾಡುವವನು. ಯಾರ ತಲೆಯೊಳಗೆ ಏನಿದೆಯೆಂಬುದೂ ಅವನಿಗೆ ಸುಮಾರಾಗಿ ಗೊತ್ತಿತ್ತು.

"ಆ ಮನುಷ್ಯ ನನಗೂ ಹೀಗೇ ಮಾಡ್ತಾನೆ ಕಣೇ," ಎಂದ. "ಬುಡದಲ್ಲಿ ಬಿಳಿ ಕಂಡ್ರೆ ನಿನ್ನ ಬಣ್ಣ ಸರಿಯಿಲ್ಲ ಅಂತಾನೆ. ಕೂದಲು ಬೆಳೆಯುತ್ತೆ ಸ್ವಾಮಿ ಅಂದ್ರೆ ಒಪ್ಪಲ್ಲ."

"ವಿವರಣೆ ಏನು ಬರೀಲಿ ರೀ?"

"ನಿನಗೆ ಬರೆಯೋಕೆ ಎಲ್ಲಿ ಬರುತ್ತೆ? ಮಾಡಿ ತೋರಿಸು."

ಅವಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಹೇಳಿದಳು, "ಆ ಹುಡುಗಿ ನಾಲ್ಕು ತಿಂಗಳು ಸತ್ತಳು ರೀ. ನನಗೆ ಗೊತ್ತಿತ್ತು. ತಮಾಷೆ ನೋಡ್ತಾ ಕೂತಿದ್ದೆ."

ಗಂಡ ತಟ್ಟೆಯನ್ನು ಮತ್ತೆ ಅವಳ ಮುಂದಕ್ಕೆ ಸರಿಸಿದ. ತಪ್ಪು ನಿನ್ನದಲ್ಲ ಎಂದು ಸಮಾಧಾನ ಹೇಳಿದ್ದರೆ ಅವಳು ಅವನನ್ನೂ ಎರಡನೆಯ ಬಗೆಗೆ ಸೇರಿಸುತ್ತಿದ್ದಳು.

ಮರುದಿನ ಅವಳು ಹುಡುಗಿಯನ್ನು ಕರೆಸಿ, ಗೊತ್ತಿದ್ದದ್ದನ್ನೂ ಮುಚ್ಚಿಟ್ಟದ್ದನ್ನೂ ಹೇಳಿಬಿಟ್ಟಳು. ಹುಡುಗಿಯ ಕಣ್ಣು ಕೆಂಪಾದವು. "ಮೊದಲೇ ಹೇಳ್ಬಹುದಿತ್ತಲ್ಲ ಅಕ್ಕ," ಎಂದಷ್ಟೇ ಅಂದಳು. ಹೇಳಬಹುದಿತ್ತು. ಟ್ಯೂಬಕ್ಕ ಹೊಸ ಗಾಜು ತೆಗೆದು ಕೊಳವೆ ಎಳೆಯಲು ಕೂತಳು.

ಮೂರು ಕೊಳವೆ ತಯಾರಾದವು. ಒಂದಕ್ಕೆ ಇಂಗಾಲ, ಒಳಗೆ ನಾಲ್ಕೂ ಸರಕು. ಎರಡನೆಯದು ಬರಿ ಗಾಜು, ಒಳಗೆ ಅದೇ ನಾಲ್ಕು ಸರಕು. ಮೂರನೆಯದೂ ಬರಿ ಗಾಜು.

"ಇದಕ್ಕೆ ರಂಜಕ ಹಾಕ್ಲೇಬೇಡ," ಎಂದಳು ಟ್ಯೂಬಕ್ಕ.

ಹುಡುಗಿಯ ಕೈ ಶೀಶೆಯ ಮೇಲೇ ನಿಂತಿತು. ರಂಜಕವೇ ಇಲ್ಲದ ಕೊಳವೆಯಲ್ಲಿ ರಂಜಕದ ಹರಳು ಬಂದರೆ ಅದರ ಅರ್ಥವೇನೆಂಬುದು ಅವಳಿಗೆ ಆಗಲೇ ತಿಳಿದುಹೋಗಿತ್ತು. ಐದು ವರ್ಷದಲ್ಲಿ ಅವಳು ನಕ್ಕದ್ದನ್ನು ಟ್ಯೂಬಕ್ಕ ಅಂದೇ ಮೊದಲು ಕಂಡದ್ದು.

ಮೂರನ್ನೂ ಒಂದೇ ಕುಲುಮೆಯಲ್ಲಿ, ಒಂದೇ ಕಾವಿನಲ್ಲಿ, ಅಕ್ಕಪಕ್ಕ ಮಲಗಿಸಿದರು. ಹದಿನೆಂಟು ದಿನದ ಮೇಲೆ ತುದಿ ಒಡೆದು ಮೇಜಿನ ಮೇಲೆ ಸಾಲಾಗಿಟ್ಟರೆ ಸಾಕಿತ್ತು. ಮೊದಲನೆಯದರಲ್ಲಿ ಮುದ್ದೆ. ಎರಡನೆಯದರಲ್ಲಿ ಸವೆದ ಗಾಜು, ಹಳದಿ ಹೊಪ್ಪಳೆ, ನೀಲಿ ಹರಳು. ಮೂರನೆಯದರಲ್ಲಿ ಸವೆದ ಗಾಜು, ನೀಲಿ ಹರಳು. ಹಳದಿ ಇಲ್ಲವೇ ಇಲ್ಲ. ಹುಡುಗಿ ಕೊನೆಯೆರಡರಿಂದ ಒಂದೊಂದು ಹರಳು ಆರಿಸಿ ಎಕ್ಸ್-ರೇಗೆ ಇಟ್ಟಳು. ಎರಡೂ ಒಂದೇ. ಎರಡೂ ಪೋಸ್ಟರಿನ ಮೇಲಿದ್ದದ್ದೇ. ಅಲ್ಲಿಗೂ ನಿಲ್ಲದೆ, ರಂಜಕದ ಬದಲು ಸಿಲಿಕಾನ್ ಎಂದು ಬರೆದುಕೊಂಡು ಹಳೆಯ ಸಂಚಿಕೆಗಳನ್ನು ಹುಡುಕಿದಳು. ಆ ಸಂಯುಕ್ತವನ್ನು ಅವಳು ಹುಟ್ಟುವುದಕ್ಕೂ ಮೊದಲೇ ಯಾರೋ ಮಾಡಿ, ಅಳೆದು, ಎರಡು ಪುಟದಲ್ಲಿ ಬರೆದಿಟ್ಟಿದ್ದರು. ಹೊಸದಪ್ಪನವರ ಉದ್ದನೆಯ ಬಂಧ ಅಲ್ಲಿ ಇರಬೇಕಾದಷ್ಟೇ ಉದ್ದವಿತ್ತು.

ಸಭೆ ಮುಖ್ಯಸ್ಥೆಯ ಕೋಣೆಯಲ್ಲಿ ಸೇರಿತು. ಮುಖ್ಯಸ್ಥೆ ಬುದ್ಧಿವಂತರು, ಕೆಟ್ಟವರಲ್ಲ. ಆದರೆ ಯಾರು ಏನು ಕೇಳಿದರೂ "ನೋಡೋಣ" ಎನ್ನುವುದು ಬಿಟ್ಟು ಬೇರೆ ಉತ್ತರ ಅವರ ಬಾಯಲ್ಲಿ ಯಾರೂ ಕೇಳಿರಲಿಲ್ಲ. ಹಾಗಾಗಿ ನೆಲಮಾಳಿಗೆಯಲ್ಲಿ ಅವರು ನೋಡೋಣಮ್ಮ.

ಟ್ಯೂಬಕ್ಕ ಮೆಮೊವನ್ನು ಮೇಜಿನ ಮೇಲೆ ಹರಡಿ, ಅದರ ಮೇಲೆ ಮೂರು ಕೊಳವೆಗಳನ್ನು ಸಾಲಾಗಿಟ್ಟಳು. "ವಿವರಣೆ ಕೇಳಿದ್ರಲ್ಲ ಮೇಡಂ. ಇದೇ."

ಹುಡುಗಿ ಒಂದೊಂದನ್ನೇ ತೋರಿಸಿ ವಿವರಿಸಿದಳು. ಮೊದಲ ಕೊಳವೆಗೆ ಚೀಟಿ ನೋಡಿಕೊಂಡು ಮಾತಾಡಿದಳು. ಮೂರನೇ ಕೊಳವೆಗೆ ಬರುವಷ್ಟರಲ್ಲಿ ಚೀಟಿ ಮಡಚಿಟ್ಟಿದ್ದಳು.

"ಇದನ್ನ ಮಾಡೋಕೆ ಯಾರು ಹೇಳಿದ್ದು?" ಎಂದರು ಹೊಸದಪ್ಪನವರು.

"ನಾನು," ಎಂದಳು ಟ್ಯೂಬಕ್ಕ.

"ನಿನಗೆ ಇದರಲ್ಲೆಲ್ಲ ಏನಮ್ಮ ಗೊತ್ತು?"

"ಗಾಜು ಗೊತ್ತು ಸರ್. ನಿಮ್ಮ ಹರಳಿನಲ್ಲಿ ಇರೋದು ಅದೇ."

ನೋಡೋಣಮ್ಮ ಮೂರನೇ ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ತಿರುಗಿಸಿ ನೋಡಿದರು. ಹೊಸದಪ್ಪನವರೂ ನೋಡಿದರು. ಅವರ ಹಣೆಯ ಮೇಲೆ ಬೆವರು ಕಾಣಿಸಿತು. ಅದರಲ್ಲೊಂದು ಹನಿ ಕಿವಿಯ ಪಕ್ಕದಲ್ಲಿ ಕಪ್ಪಗೆ ಇಳಿಯಿತು. ಆಮೇಲೆ ಅವರು ಗಂಟಲು ಸರಿಮಾಡಿಕೊಂಡು ಹೇಳಿದ್ದನ್ನು ಟ್ಯೂಬಕ್ಕ ಗಂಡನಿಗೆ ಹೇಳಿದಾಗ ಅವನು ಕತ್ತರಿ ಕೆಳಗಿಟ್ಟು ನಕ್ಕ.

"ಕೊಳವೆಯ ಗೋಡೆಯಿಂದಲೇ ಸಿಲಿಕಾನ್ ಒದಗಿಸೋದು," ಎಂದರು ಹೊಸದಪ್ಪನವರು, "ಇದೊಂದು ಹೊಸ ವಿಧಾನ ಅಂತ ಬರೀಬಹುದು."

ಹುಡುಗಿ ಎರಡು ಪುಟದ ಹಳೆಯ ಲೇಖನವನ್ನು ಅವರ ಮುಂದೆ ಸರಿಸಿದಳು. ಆ ವಿಧಾನವೂ ಅದರಲ್ಲಿತ್ತು, ಕೊನೆಯ ಸಾಲಿನಲ್ಲಿ, ಹೀಗೆ ಆಗದಂತೆ ನೋಡಿಕೊಳ್ಳಬೇಕು ಎನ್ನುವ ಎಚ್ಚರಿಕೆಯಾಗಿ.

"ಲೇಖನ ವಾಪಸ್ ತಗೋಬೇಕಾಗುತ್ತೆ," ಎಂದರು ನೋಡೋಣಮ್ಮ. ಅವರು ನೋಡೋಣ ಎನ್ನದೆ ಇದ್ದದ್ದು ಅವರಿಗೇ ಆಶ್ಚರ್ಯವಾದಂತಿತ್ತು.

ಲೇಖನ ವಾಪಸಾಯಿತು. ಪತ್ರಿಕೆಯಲ್ಲಿ ನಾಲ್ಕು ಸಾಲು ಬಂತು, ತಾಂತ್ರಿಕ ಕಾರಣಗಳಿಂದಾಗಿ ಎಂದು. ಪೋಸ್ಟರಿನ ಜಾಗಕ್ಕೆ ಅಗ್ನಿಶಾಮಕದ ಸೂಚನೆ ಬಂತು. ಇದರಿಂದ ಹೊಸದಪ್ಪನವರು ಕುಗ್ಗಿಹೋದರು ಎಂದುಕೊಂಡರೆ ಅದು ಕತೆ ಕೇಳುವವರ ಒಳ್ಳೆಯತನ. ಮುಂದಿನ ವರ್ಷ ಸಂಶೋಧನೆಯ ಗುಣಮಟ್ಟ ಕಾಯುವ ಸಮಿತಿಯೊಂದು ರಚನೆಯಾಗಿ, ಅನುಭವಸ್ಥರೆಂದು ಅವರನ್ನೇ ಅದಕ್ಕೆ ಅಧ್ಯಕ್ಷರನ್ನಾಗಿ ಮಾಡಿದರು. ಅನುಭವವಂತೂ ಇತ್ತು. ಮೆಮೊವನ್ನು ಯಾರೂ ಹಿಂತೆಗೆದುಕೊಳ್ಳಲಿಲ್ಲ. ವಿವರಣೆ ಸ್ವೀಕರಿಸಲಾಗಿದೆ ಎಂಬ ಮೊಹರಿನೊಂದಿಗೆ ಕಡತ ಸೇರಿತು. ಟ್ಯೂಬಕ್ಕನ ಬಳಿ ಕ್ಷಮೆ ಕೇಳಬೇಕೆಂದು ಆ ಕಟ್ಟಡದಲ್ಲಿ ಒಬ್ಬರಿಗೂ ಅನ್ನಿಸಲಿಲ್ಲ, ಅವಳೂ ಕಾಯಲಿಲ್ಲ. ಅವರಿಂದ ಅಷ್ಟನ್ನು ನಿರೀಕ್ಷಿಸುವುದೆಂದರೆ ಅವರಿಗೆ ಮರ್ಯಾದೆ ಕೊಟ್ಟ ಹಾಗೆ ಎಂದುಕೊಂಡಳು.

ಹುಡುಗಿ ಅಣ್ಣನ ಅಂಗಡಿಗೆ ಹೋಗಲಿಲ್ಲ. ನೋಡೋಣಮ್ಮನೇ ಅವಳಿಗೆ ಮಾರ್ಗದರ್ಶಕರಾದರು. ಐದನೇ ವರ್ಷದವಳು ಆರನೇ ವರ್ಷದವಳಾಗಿ, ಏಳಕ್ಕೆ ಕಾಲಿಟ್ಟಳು. ಕಪ್ಪು ಪೊರೆಯ ಕೊಳವೆಗಳಲ್ಲಿ ಒಂದಾದ ಮೇಲೊಂದು ಕಾಯಿಸಿ, ಸಂಯೋಜನೆ ಎರಡೆರಡು ಯಂತ್ರದಲ್ಲಿ ನೋಡಿ, ಕೊನೆಗೆ ನಿಜವಾಗಿಯೂ ಯಾರೂ ಮಾಡಿರದ ಎರಡು ಸಂಯುಕ್ತಗಳನ್ನು ಹಿಡಿದಳು. ಅವು ಹೊಳೆಯುತ್ತಿರಲಿಲ್ಲ, ವಿದ್ಯುತ್ತನ್ನು ಹರಿಸುತ್ತಿರಲಿಲ್ಲ, ಸದ್ಯಕ್ಕೆ ಯಾವ ಉಪಯೋಗಕ್ಕೂ ಬರುತ್ತಿರಲಿಲ್ಲ.

ಪ್ರಬಂಧ ಒಪ್ಪಿಸುವ ವಾರ ಅವಳು ಟ್ಯೂಬಕ್ಕನನ್ನು ಮೇಲಕ್ಕೆ ಕರೆದೊಯ್ದು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದಳು. ಅಷ್ಟು ವರ್ಷ ಕೊಳವೆ ಮುಚ್ಚಿದ್ದರೂ ಟ್ಯೂಬಕ್ಕ ಅದರಲ್ಲಿ ಒಮ್ಮೆಯೂ ಇಣುಕಿರಲಿಲ್ಲ. ಯಾರೂ ಕರೆದಿರಲಿಲ್ಲ, ಅವಳೂ ಕೇಳಿರಲಿಲ್ಲ. ಬೂದಿ ಬಣ್ಣದ, ಮೂಲೆ ಮುರಿದ ಒಂದು ಚೂರು ಕಾಣಿಸಿತು.

"ಇಷ್ಟೇನಾ?" ಎಂದಳು.

"ಇಷ್ಟೇ ಅಕ್ಕ."

"ಇದಕ್ಕಾ ಎಲ್ಲರೂ ಹೀಗೆ ಹೊಡೆದಾಡೋದು?"

ಹುಡುಗಿ ನಕ್ಕು, ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತಳು. ಟ್ಯೂಬಕ್ಕ ಇನ್ನೇನೋ ಬೈಯಲು ಹೊರಟವಳು ಬೈಯದೆ, ಪಕ್ಕದ ತಿರುಪು ಯಾವುದಕ್ಕೆಂದು ಮುಟ್ಟುವ ಮೊದಲೇ ಕೇಳಿ, ಅದನ್ನು ಕೊಂಚ ತಿರುಗಿಸಿ ಮತ್ತೆ ಬಗ್ಗಿ ನೋಡತೊಡಗಿದಳು.